ಆಗಾಗ ಅಪಘಾತವಾಗುವ ತಿರುವು, ಜಂಕ್ಷನ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕ ದಾಟಿ ಮುಳ್ಳೇರಿಯಕ್ಕೆ ಹೋಗುವ ಮಾರ್ಗವಿರಲಿ, ಚೆರ್ಕಳದಿಂದ ಪೆರ್ಲ, ಅಡ್ಕಸ್ಥಳದ ಮೂಲಕ ಕಲ್ಲಡ್ಕ ಸೇರುವ ಮಾರ್ಗವಿರಲಿ, ಊರವರು ಬೆರಳು ತೋರಿಸುವ ಒಂದು ತಿರುವು, ಒಂದು ಜಂಕ್ಷನ್ ಇದ್ದೇ ಇರುತ್ತದೆ. ಊರವರ ಅನುಭವ ಹೆಚ್ಚಾಗಿ ಸರಿಯೇ. ಆದರೆ ಮನವಿ ಕೊಟ್ಟಾಗ ಎದುರಿನಿಂದ ಬರುವ ಪ್ರಶ್ನೆ ಒಂದೇ: ಲೆಕ್ಕ ಎಲ್ಲಿ? ಲೆಕ್ಕ ಹಾಕಿದರೂ ಅದು ದಾರಿ ತಪ್ಪಿಸುವುದುಂಟು. ದಾಖಲೆಯಿಂದ ಬಿಟ್ಟುಹೋದ ಒಂದೇ ಒಂದು ಪ್ರಕರಣ ಇಡೀ ತೀರ್ಮಾನವನ್ನು ತಿರುಗಿಸುವುದನ್ನು ಮುಂದೆ ಅಂಕಿಗಳಲ್ಲೇ ನೋಡಬಹುದು.

ಇದು ವಾರ್ಡ್ ಸದಸ್ಯರು, ಕ್ಲಬ್‌ಗಳು, ಶಾಲೆಯ ರಕ್ಷಕ–ಶಿಕ್ಷಕ ಸಂಘದವರು ಮತ್ತು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ. ಮೊದಲ ಪರೀಕ್ಷೆಗಳಿಗೆ ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಸಾಕು. ಮಾರ್ಗದ ಬದಿಗೆ ಹೋಗಿ ನಿಲ್ಲುವ ಕೆಲಸ ಕೊನೆಗೆ.

ಲಕ್ಷಣ: ವಾರಕ್ಕೊಂದು ಅಪಘಾತ ಎನ್ನುತ್ತಾರೆ, ಠಾಣೆಯ ಪಟ್ಟಿಯಲ್ಲಿ ಮೂರು ವರ್ಷಕ್ಕೆ ಎರಡೋ ಮೂರೋ

ದುಡ್ಡು ಬೇಡದ ಪರೀಕ್ಷೆ ಇದು. ಹೆಚ್ಚಿನ ದೋಷ ಸಿಕ್ಕುವುದೂ ಇಲ್ಲೇ.

ಮೊದಲು ಸ್ಥಳದ ಹೆಸರು. ನಮ್ಮ ಕಡೆ ಎಫ್‌ಐಆರ್ ಸಾಮಾನ್ಯವಾಗಿ ಮಲಯಾಳದಲ್ಲಿರುತ್ತದೆ, ಪಟ್ಟಿ ಇಂಗ್ಲಿಷ್‌ನಲ್ಲಿ ಸಿಗುತ್ತದೆ, ಊರವರು ಕರೆಯುವುದು ಕನ್ನಡದಲ್ಲೋ ತುಳುವಿನಲ್ಲೋ. ಅಡೂರು ಬೇರೆ, ಆದೂರು ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ ಊರಿನಂತೆ ಕಾಣುತ್ತವೆ. ‘ಪಳ್ಳದ ಹತ್ತಿರ’, ‘ಮೋರಿಯ ಬಳಿ’ ಎಂದು ಬರೆದದ್ದು ಯಾವ ಪಳ್ಳ, ಯಾವ ಮೋರಿ ಎಂದು ಸ್ಥಳೀಯರೇ ಹೇಳಬೇಕು. ಆದ್ದರಿಂದ ಪಟ್ಟಿ ತರಿಸಿದ ಕೂಡಲೇ ಎಣಿಸಲು ಕೂರಬೇಡಿ. ಒಂದೇ ಜಾಗಕ್ಕಿರುವ ಎಲ್ಲ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಪಟ್ಟಿಯನ್ನು ಮತ್ತೊಮ್ಮೆ ಓದಿ.

ಎರಡನೆಯದು ದೂರ. ಎಫ್‌ಐಆರ್ ನಮೂನೆಯಲ್ಲಿ ಠಾಣೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ ಎಂಬ ಅಂಕಣವಿದೆ. ಅಲ್ಲಿ ‘8 ಕಿ.ಮೀ. ಪೂರ್ವ’ ಎಂದು ಇಡಿಯಾದ ಸಂಖ್ಯೆ ಬಿದ್ದಿದ್ದರೆ ನಿಜವಾದ ಜಾಗ ಅರ್ಧ ಕಿಲೋಮೀಟರ್ ಆಚೀಚೆ ಇರಬಹುದು. ಅಪಘಾತಗಳನ್ನು ಆನ್‌ಲೈನ್‌ನಲ್ಲಿ ದಾಖಲಿಸುವ ಸರಕಾರಿ ಐರಾಡ್–ಈಡಾರ್ ವ್ಯವಸ್ಥೆಯ ಜಿಪಿಎಸ್ ಗುರುತು ಇದಕ್ಕಿಂತ ಚೆನ್ನ. ಆದರೂ ನಾಲ್ಕೈದು ಅಪಘಾತಗಳ ಗುರುತು ಠಾಣೆಯ ಕಟ್ಟಡದ ಮೇಲೋ ಪೇಟೆಯ ನಟ್ಟನಡುವೆಯೋ ಒಟ್ಟಾಗಿ ಬಿದ್ದಿದ್ದರೆ ಅನುಮಾನಿಸಿ. ಆಮೇಲೆ ಕುಳಿತು ದಾಖಲಿಸಿದ್ದಾಗಿರಬಹುದು.

ಮೂರನೆಯದು ಗಡಿ. ಗಂಭೀರ ಗಾಯವಾದವರನ್ನು ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೇ ಒಯ್ಯುವುದು ವಾಡಿಕೆ. ಅಪಘಾತದ ಪ್ರಕರಣ ಕೇರಳದಲ್ಲಿ, ಸಾವು ಕರ್ನಾಟಕದಲ್ಲಿ. ಅಪಘಾತವಾಗಿ 30 ದಿನದೊಳಗೆ ತೀರಿಕೊಂಡರೆ ಅದನ್ನು ಮಾರಣಾಂತಿಕ ಅಪಘಾತವೆಂದೇ ಎಣಿಸಬೇಕು. ಆಸ್ಪತ್ರೆಯ ಮಾಹಿತಿ ಠಾಣೆಗೆ ಬಂದು ಕಲಂ ಬದಲಾಗಿದೆಯೇ ಎಂದು ನೋಡಿ. ಕಲಂ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. 2024ರ ಜುಲೈ 1ಕ್ಕೆ ಮುಂಚಿನ ಪ್ರಕರಣಗಳಲ್ಲಿ ಐಪಿಸಿ 279 ಮಾತ್ರವಿದ್ದರೆ ಅಜಾಗರೂಕ ಚಾಲನೆ, 337 ಸೇರಿದ್ದರೆ ಗಾಯ, 338 ಇದ್ದರೆ ಗಂಭೀರ ಗಾಯ, 304ಎ ಇದ್ದರೆ ಸಾವು. ಆ ದಿನದಿಂದೀಚೆಗೆ ಭಾರತೀಯ ನ್ಯಾಯ ಸಂಹಿತೆಯ 281, 125(ಎ), 125(ಬಿ), 106(1) ಅದೇ ಕ್ರಮದಲ್ಲಿ ಬರುತ್ತವೆ. ಮೂರು ವರ್ಷದ ಪಟ್ಟಿ ಈ ದಿನಾಂಕವನ್ನು ದಾಟುವುದಾದರೆ ಎರಡೂ ಸಂಖ್ಯೆಗಳನ್ನು ಹುಡುಕಬೇಕು. ಹಳೆಯ ಕಲಂ ಮಾತ್ರ ಹುಡುಕಿದವರಿಗೆ 2024ರ ಮಧ್ಯದಲ್ಲಿ ಅಪಘಾತಗಳೇ ನಿಂತುಹೋದಂತೆ ಕಾಣುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ದಿನಾಂಕ, ಗಂಟೆ, ಸ್ಥಳ, ಕಲಂ, ವಾಹನಗಳ ವಿಧ, ಗಾಯ–ಸಾವುಗಳ ಸಂಖ್ಯೆ ಇಷ್ಟನ್ನೇ ಕೇಳಿ. ಹೆಸರು, ವಿಳಾಸ ಈ ಕೆಲಸಕ್ಕೆ ಬೇಕಿಲ್ಲ. ಕೇಳಿದರೆ ಅರ್ಜಿ ತಿರಸ್ಕೃತವಾಗಲು ಒಂದು ಕಾರಣ ಸಿಕ್ಕಂತಾಗುತ್ತದೆ.

ಪಟ್ಟಿಗೆ ಬಾರದ ಬೈಕ್ ಸ್ಕಿಡ್, ರಾಜಿಯಲ್ಲಿ ಮುಗಿದ ಡಿಕ್ಕಿಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ. ಜಂಕ್ಷನ್‌ನ ಅಂಗಡಿಯವರು, ರಿಕ್ಷಾ ಸ್ಟ್ಯಾಂಡಿನವರು ದಿನಾಂಕ ನೆನಪಿಟ್ಟು ಹೇಳುತ್ತಾರೆ. ಆದರೆ ಅವನ್ನು ಠಾಣೆಯ ಅಂಕಿಯೊಂದಿಗೆ ಕೂಡಿಸಿ ದರ ತೆಗೆಯಬೇಡಿ. ಬೇರೆ ಜಂಕ್ಷನ್‌ಗಳಲ್ಲಿ ಇಂಥ ಪುಸ್ತಕ ಇಲ್ಲದಿರುವುದರಿಂದ ಹೋಲಿಕೆ ಕೆಡುತ್ತದೆ.

ಲಕ್ಷಣ: ಪೇಟೆಯ ಜಂಕ್ಷನ್‌ನಲ್ಲಿ 12, ಒಳಮಾರ್ಗದ ಕ್ರಾಸ್‌ನಲ್ಲಿ 5. ಯಾವುದು ಹೆಚ್ಚು ಅಪಾಯ?

ಬರೀ ಎಣಿಕೆ ನೋಡಿದರೆ ಪೇಟೆ ಗೆಲ್ಲುತ್ತದೆ. ಆದರೆ ಅಲ್ಲಿ ವಾಹನವೂ ಹೆಚ್ಚು. ಜಂಕ್ಷನ್‌ನ ಅಪಘಾತ ದರವನ್ನು ಒಳಬರುವ ಹತ್ತು ಲಕ್ಷ ವಾಹನಕ್ಕೆ ಎಷ್ಟು ಅಪಘಾತ ಎಂದು ಹೇಳುತ್ತಾರೆ:

ದರ = ಅಪಘಾತಗಳು × 10,00,000 ÷ (365 × ವರ್ಷಗಳು × ದಿನಕ್ಕೆ ಒಳಬರುವ ವಾಹನಗಳು)

ಲೆಕ್ಕ ತಿಳಿಯಲೆಂದು ಊಹೆಯ ಅಂಕಿ ತೆಗೆದುಕೊಳ್ಳೋಣ. ಪೇಟೆಯ ಜಂಕ್ಷನ್‌ಗೆ ದಿನಕ್ಕೆ 16,000 ವಾಹನ, ಕ್ರಾಸ್‌ಗೆ 3,000. ಮೂರು ವರ್ಷದಲ್ಲಿ ಪೇಟೆಗೆ ಬಂದದ್ದು 1,75,20,000 ವಾಹನ, ದರ 0.68. ಕ್ರಾಸ್‌ಗೆ ಬಂದದ್ದು 32,85,000; ದರ 1.52. ಎಣಿಕೆಯಲ್ಲಿ ಹಿಂದಿದ್ದ ಕ್ರಾಸ್ ದರದಲ್ಲಿ ಎರಡು ಪಟ್ಟು ಮುಂದೆ.

ಹಾಗೆಂದು ಕ್ರಾಸ್‌ನ ಹೆಸರನ್ನು ಈಗಲೇ ಮನವಿಯಲ್ಲಿ ಮೇಲೆ ಬರೆಯಬೇಡಿ. ಇನ್ನೆರಡು ಪರೀಕ್ಷೆ ಬಾಕಿ ಇವೆ.

ಲಕ್ಷಣ: ದರ ನಂಬಲಾರದಷ್ಟು ಹೆಚ್ಚು, ಇಲ್ಲವೇ ಸರಿಯಾಗಿ ಅರ್ಧ

ಸರಿಯಾಗಿ ಅರ್ಧ ಬಂದರೆ ವಾಹನಗಳನ್ನು ಎರಡು ಸಲ ಎಣಿಸಿದ್ದೀರಿ. ಜಂಕ್ಷನ್‌ನ ಪ್ರತಿ ಕೈಯಲ್ಲಿ, ಅಂದರೆ ಅಲ್ಲಿಗೆ ಸೇರುವ ಒಂದೊಂದು ಮಾರ್ಗದಲ್ಲಿ, ಹೋಗುವ, ಬರುವ ಎರಡೂ ದಿಕ್ಕಿನ ವಾಹನ ಎಣಿಸಿ ಕೂಡಿಸಿದಾಗ ಪ್ರತಿಯೊಂದು ವಾಹನವೂ ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಲೆಕ್ಕಕ್ಕೆ ಬಿದ್ದಿರುತ್ತದೆ. ಮೂರು ಕೈಗಳಲ್ಲಿ 9,000, 7,000, 4,000 ಇದ್ದರೆ ಒಳಬರುವ ವಾಹನ 20,000 ಅಲ್ಲ, 10,000.

ದರ ಬೇಕಾಬಿಟ್ಟಿ ಏರಿಳಿದರೆ ಪಿಸಿಯು ಅಂಕಿ ಒಳನುಗ್ಗಿದೆಯೇ ನೋಡಿ. ಮಾರ್ಗ ಯೋಜನೆಯ ವರದಿಗಳಲ್ಲಿ ಲಾರಿ, ಬಸ್ಸು, ಬೈಕುಗಳನ್ನು ಕಾರಿಗೆ ಸಮೀಕರಿಸಿ ಪಿಸಿಯು ಎಂದು ಕೊಟ್ಟಿರುತ್ತಾರೆ. ಮಾರ್ಗದ ಅಗಲ ತೀರ್ಮಾನಿಸಲು ಅದು ಸರಿ. ಅಪಘಾತ ದರಕ್ಕೆ ವಾಹನಗಳ ತಲೆ ಎಣಿಕೆಯೇ ಬೇಕು. ಮಾರ್ಗಕ್ಕೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸಿ ಎಣಿಸಿದ್ದಾದರೆ ಅದು ಚಕ್ರದ ಅಚ್ಚುಗಳ ಲೆಕ್ಕ, ವಾಹನಗಳದ್ದಲ್ಲ.

ಎಣಿಸಿದ ದಿನವನ್ನೂ ವಿಚಾರಿಸಿ. ಹರತಾಳದ ದಿನ, ಊರ ಜಾತ್ರೆಯ ದಿನ, ಶಾಲೆಗೆ ರಜೆಯಿರುವ ಏಪ್ರಿಲ್–ಮೇ, ಕುಂಭದ್ರೋಣ ಮಳೆಯ ದಿನ ಇವು ಯಾವುವೂ ಸಾಮಾನ್ಯ ದಿನಗಳಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ:9 ಏಳು ದಿನ, ದಿನದ 24 ಗಂಟೆಯೂ ಎಣಿಸಲು ಹೇಳುತ್ತದೆ. ಅಷ್ಟು ಜನ ಇಲ್ಲದಿದ್ದರೆ ಲೋಕೋಪಯೋಗಿ ಇಲಾಖೆಯ ಹಳೆಯ ಎಣಿಕೆ ಕೇಳಿ ಪಡೆಯಿರಿ. ನೀವೇ ಅರ್ಧ ದಿನ ಎಣಿಸಿದ್ದಾದರೆ ಅದನ್ನು ಅಂದಾಜು ಎಂದೇ ಬರೆಯಿರಿ.

ಲಕ್ಷಣ: ವಾಹನ ಕಡಿಮೆಯಿರುವ ಮಾರ್ಗ ಹೆದರಿಸುವಂಥ ದರ ತೋರಿಸುತ್ತಿದೆ

ಓಡಾಟ ಕಡಿಮೆಯಿರುವಲ್ಲಿ ಒಂದೆರಡು ಅಪಘಾತ ಕಾಕತಾಳೀಯವಾಗಿ ಹೆಚ್ಚಾದರೂ ದರ ಛಂಗನೆ ಹಾರುತ್ತದೆ. ಅದು ಕಾಕತಾಳೀಯವೋ ನಿಜವಾದ ದೋಷವೋ ಎಂದು ತೂಗಿನೋಡಲು ನಿರ್ಣಾಯಕ ದರ ಎಂಬ ಅಳತೆಗೋಲಿದೆ:

ನಿರ್ಣಾಯಕ ದರ = ಸರಾಸರಿ + 1.645 × √(ಸರಾಸರಿ ÷ ಓಡಾಟ) + 1 ÷ (2 × ಓಡಾಟ)

ಓಡಾಟ ಎಂದರೆ ಆ ಅವಧಿಯಲ್ಲಿ ಒಳಬಂದ ವಾಹನ, ಹತ್ತು ಲಕ್ಷಗಳಲ್ಲಿ. ಸರಾಸರಿ ಎಂದರೆ ಅದೇ ಮಾರ್ಗದ ಅಥವಾ ಅದೇ ಬಗೆಯ ಜಂಕ್ಷನ್‌ಗಳ ಒಟ್ಟು ಅಪಘಾತವನ್ನು ಒಟ್ಟು ಓಡಾಟದಿಂದ ಭಾಗಿಸಿದ್ದು. ಒಂದೊಂದರ ದರ ತೆಗೆದು ಮತ್ತೆ ಅವುಗಳ ಸರಾಸರಿ ಮಾಡಿದರೆ ತಪ್ಪು. ಸಿಗ್ನಲ್ ಇರುವ ಪೇಟೆಯ ಸರ್ಕಲನ್ನೂ ಮೂರು ಕೈಯ ಹಳ್ಳಿ ಕ್ರಾಸನ್ನೂ ಒಂದೇ ಗುಂಪಿಗೆ ಹಾಕಬೇಡಿ.

ಸರಾಸರಿ 0.8 ಎಂದಿಟ್ಟುಕೊಂಡು ಮೇಲಿನ ಕ್ರಾಸನ್ನು ನೋಡೋಣ. ಓಡಾಟ 3.285. ವರ್ಗಮೂಲದ ಭಾಗ 0.81, ಕೊನೆಯ ಭಾಗ 0.15; ನಿರ್ಣಾಯಕ ದರ 1.76. ಕ್ರಾಸ್‌ನ ದರ 1.52, ಅಂದರೆ ಗೆರೆಯ ಕೆಳಗೆ. ದೋಷವಿದೆ ಎಂದು ಅಂಕಿ ಇನ್ನೂ ಹೇಳುತ್ತಿಲ್ಲ. ಪೇಟೆಯ ಜಂಕ್ಷನ್‌ಗೆ ಅದೇ ಗೆರೆ 1.18, ಅದರ ದರ 0.68 ಬಹಳ ಕೆಳಗೆ.

ಈಗ ಕ್ರಾಸ್‌ನಲ್ಲಿ ಐದರ ಬದಲು ಆರು ಅಪಘಾತ ಎಂದು ಹಾಕಿ. ದರ 1.83. ಗೆರೆ ದಾಟಿತು! ಹೆಸರು ತಪ್ಪಾಗಿ ಬರೆದದ್ದರಿಂದ ಬೇರೆ ಊರಿನ ಲೆಕ್ಕಕ್ಕೆ ಹೋದ ಒಂದೇ ಒಂದು ಎಫ್‌ಐಆರ್ ಸಾಕು, ‘ಗಮನ ಬೇಕು’ ಎಂಬುದು ‘ಸಾಮಾನ್ಯ’ವಾಗಲು. ದರ ಗೆರೆಯ ಹತ್ತಿರ ಬಂದಾಗಲೆಲ್ಲ ಮೊದಲ ಪರೀಕ್ಷೆಗೆ ಹಿಂದಿರುಗಿ ಪಟ್ಟಿಯನ್ನು ಇನ್ನೊಮ್ಮೆ ಜಾಲಾಡಿ.

ಲಕ್ಷಣ: ಇಡೀ ಮಾರ್ಗದ ದರ ಸಾಧಾರಣ, ಆದರೆ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ

ಜಂಕ್ಷನ್‌ಗಳ ನಡುವಿನ ಮಾರ್ಗಕ್ಕೆ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಕೋಟಿ ವಾಹನ–ಕಿಲೋಮೀಟರ್‌ಗೆ ಎಷ್ಟು ಎಂದು ಹೇಳುವುದು ರೂಢಿ. ಅಪಘಾತಗಳನ್ನು 10 ಕೋಟಿಯಿಂದ ಗುಣಿಸಿ, 365 × ವರ್ಷ × ದಿನದ ವಾಹನ × ಕಿ.ಮೀ. ಉದ್ದ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ದಿನಕ್ಕೆ 6,000 ವಾಹನ ಓಡುವ 2.4 ಕಿ.ಮೀ.ಯಲ್ಲಿ ಮೂರು ವರ್ಷಕ್ಕೆ 9 ಅಪಘಾತವಾದರೆ ದರ 57. ಆ ಒಂಬತ್ತರಲ್ಲಿ ಆರು ಒಂದೇ 500 ಮೀಟರ್ ತಿರುವಿನಲ್ಲಿದ್ದರೆ? ತಿರುವಿನ ದರ 183, ಉಳಿದ 1.9 ಕಿ.ಮೀ.ಯದ್ದು 24. ಉದ್ದದ ತುಂಡಿನಲ್ಲಿ ದೋಷ ಕರಗಿಹೋಗಿತ್ತು.

ಹಾಗೆಂದು ಅಪಘಾತದ ಗುರುತು ನೋಡಿಕೊಂಡೇ ಅದರ ಸುತ್ತ 50 ಮೀಟರ್ ಕತ್ತರಿಸಿದರೆ ಯಾವ ಜಾಗವನ್ನೂ ಅಪಾಯಕಾರಿ ಎಂದು ತೋರಿಸಬಹುದು. ಅಗಲ, ತಿರುವು, ಚಡವು, ವಾಹನ ಸಂಖ್ಯೆ ಬದಲಾಗುವಲ್ಲಿ ಕತ್ತರಿಸಿ. ರಾಷ್ಟ್ರೀಯ ಹೆದ್ದಾರಿಯ ಬ್ಲಾಕ್ ಸ್ಪಾಟ್ ವ್ಯಾಖ್ಯೆಯೂ ಸುಮಾರು 500 ಮೀಟರನ್ನೇ ಹಿಡಿಯುತ್ತದೆ: ಮೂರು ಕ್ಯಾಲೆಂಡರ್ ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಇದು ಎಣಿಕೆ, ದರವಲ್ಲ. ನಿಮ್ಮ ದರ ಎಷ್ಟೇ ಇರಲಿ, ಈ ಎಣಿಕೆ ಮುಟ್ಟಿದ್ದರೆ ಮನವಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.

ಒಂದು ಅಪಘಾತವನ್ನು ಜಂಕ್ಷನ್‌ಗೂ ಮಾರ್ಗದ ತುಂಡಿಗೂ ಎರಡೂ ಕಡೆ ಬರೆಯಬಾರದು. ಜಂಕ್ಷನ್‌ನ ನಡುವಿನಿಂದ ಸುಮಾರು 75 ಮೀಟರ್‌ವರೆಗೆ ಜಂಕ್ಷನ್‌ನ ಪಾಲು ಎಂದು ಹಿಡಿಯುವ ರೂಢಿಯಿದೆ, ಆದರೆ ಕಾರಣ ನೋಡಿ ಹಂಚುವುದು ಉತ್ತಮ. 60 ಮೀಟರ್ ದೂರದಲ್ಲಿ ಮನೆಯ ಗೇಟಿನಿಂದ ಹಿಂದಕ್ಕೆ ಬಂದ ಕಾರಿಗೆ ಡಿಕ್ಕಿಯಾದರೆ ಅದು ಮಾರ್ಗದ್ದು. 100 ಮೀಟರ್ ದೂರದಲ್ಲಿ ಜಂಕ್ಷನ್‌ನ ಸಾಲಿನ ಕೊನೆಗೆ ಬಂದು ಹೊಡೆದರೆ ಅದು ಜಂಕ್ಷನ್‌ನದ್ದು.

ಲಕ್ಷಣ: ದರ ಗೆರೆ ದಾಟಿದೆ, ಕಾರಣ ತಿಳಿಯುತ್ತಿಲ್ಲ

ಒಂದು ದೊಡ್ಡ ಹಾಳೆಯಲ್ಲಿ ಜಾಗದ ನಕ್ಷೆ ಬರೆದು ಪ್ರತಿ ಅಪಘಾತಕ್ಕೂ ಬಾಣ ಹಾಕಿ: ಯಾವ ವಾಹನ, ಎತ್ತಣಿಂದ ಎತ್ತ, ಗಂಟೆ, ಮಳೆಯೋ ಬಿಸಿಲೋ. ಬಾಣಗಳು ಗುಂಪುಗೂಡಿದಲ್ಲಿ ರೋಗದ ಮೂಲ ಇದೆ. ಅಡ್ಡದಿಂದ ಬಂದು ಹೊಡೆದದ್ದೇ ಹೆಚ್ಚಿದ್ದರೆ ಉಪಮಾರ್ಗದಿಂದ ಬರುವವರಿಗೆ ಮುಖ್ಯಮಾರ್ಗ ಕಾಣುತ್ತಿಲ್ಲ. ಬೇಲಿ, ಫ್ಲೆಕ್ಸ್, ನಿಲ್ಲಿಸಿದ ಲಾರಿ, ಗೂಡಂಗಡಿ ನೋಡಿ. ಹಿಂದಿನಿಂದ ಹೊಡೆದದ್ದಾದರೆ ಬಸ್ ನಿಲ್ದಾಣ ಜಂಕ್ಷನ್‌ಗೆ ತೀರ ಹತ್ತಿರವಿರಬಹುದು. ಮುಖಾಮುಖಿ ಎಂದರೆ ತಿರುವಿನಲ್ಲಿ ಓವರ್‌ಟೇಕ್, ನಡುಗೆರೆ ಅಳಿಸಿರುವುದು. ರಾತ್ರಿ ಪಾದಚಾರಿಗಳೇ ಸಿಕ್ಕಿಬಿದ್ದಿದ್ದರೆ ದೀಪ ಮತ್ತು ನಡೆದು ಹೋಗಲು ಜಾಗ.

ಮಳೆಗೆ ಸರಳ ಪರೀಕ್ಷೆಯಿದೆ. ಜೂನ್‌ನಿಂದ ಸೆಪ್ಟೆಂಬರ್ ವರ್ಷದ ಮೂರನೇ ಒಂದು ಭಾಗ. ತಿರುವಿನ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ನಾಲ್ಕು ತಿಂಗಳಲ್ಲಿ ಆಗಿದ್ದರೆ ಡಾಮರಿನ ಮೈ ನೋಡಬೇಕು. ಜಲ್ಲಿಯ ಮೊನೆ ಸವೆದು ನುಣ್ಣಗಾಗಿದೆಯೇ, ಡಾಮರು ಮೇಲೆದ್ದು ಕನ್ನಡಿಯಂತೆ ಹೊಳೆಯುತ್ತಿದೆಯೇ, ಗುಡ್ಡೆಯ ಬರೆಯಿಂದ ಇಳಿದ ನೀರು ಚರಂಡಿ ತಪ್ಪಿ ಮಾರ್ಗಕ್ಕೆ ಅಡ್ಡ ಹರಿಯುತ್ತದೆಯೇ, ಕೆಂಪುಕಲ್ಲಿನ ಕೋರೆಯಿಂದ ಹೊರಬರುವ ಲಾರಿಗಳ ಚಕ್ರದ ಮಣ್ಣು ತೆಳ್ಳಗೆ ಹರಡಿದೆಯೇ. ಮೀನಿನ ಲಾರಿಯಿಂದ ಸೋರಿದ ನೀರು ಬೇಸಿಗೆಯಲ್ಲೂ ಬೈಕ್ ಬೀಳಿಸುತ್ತದೆ. ಚಡವು ಹತ್ತುವಲ್ಲಿ, ತಿರುವಿನ ಹೊರಮಗ್ಗುಲಲ್ಲಿ ಗೆರೆಯಾಗಿ ಒಣಗಿದ ಕಲೆಯನ್ನು ಹುಡುಕಿ, ಹತ್ತಿರ ಹೋದರೆ ವಾಸನೆಯೇ ಹೇಳುತ್ತದೆ.

ಡಾಮರಿನ ಅಂಚಿನಿಂದ ಮಣ್ಣಿಗೆ ಇರುವ ಇಳಿತವನ್ನು ಅಡಿಕೋಲಿನಿಂದ ಅಳೆಯಿರಿ. 5 ಸೆ.ಮೀ.ಗಿಂತ ಹೆಚ್ಚಿದ್ದರೆ, ಬಸ್ಸಿಗೆ ದಾರಿ ಬಿಟ್ಟು ಕೆಳಗಿಳಿದ ಬೈಕ್ ಮತ್ತೆ ಹತ್ತುವಾಗ ಚಕ್ರ ಅಂಚಿಗೆ ಉಜ್ಜಿ ಮಗುಚುತ್ತದೆ. ಹೊಸ ಡಾಮರಿನ ಪದರ ಹಾಕಿ ಬದಿಗೆ ಮಣ್ಣು ತುಂಬದೆ ಬಿಟ್ಟಲ್ಲೆಲ್ಲ ಇದು ಸಿಗುತ್ತದೆ.

ವೇಗಕ್ಕೆ ಯಂತ್ರ ಬೇಡ. ಮಾರ್ಗದ ಹೊರಗೆ, ಎರಡು ಕಂಬಗಳ ನಡುವೆ 50 ಮೀಟರ್ ಅಳೆದು ಫೋನಿನ ಸ್ಟಾಪ್‌ವಾಚ್ ಹಿಡಿಯಿರಿ. 3 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 60 ಕಿ.ಮೀ., 2.25 ಸೆಕೆಂಡಿನಲ್ಲಿ ದಾಟಿದರೆ 80. ನೂರು ವಾಹನಗಳ ವೇಗವನ್ನು ಕಡಿಮೆಯಿಂದ ಹೆಚ್ಚಿಗೆ ಬರೆದು 85ನೆಯದನ್ನು ತೆಗೆದುಕೊಳ್ಳಿ. ಬಳಿಕ ಕಾಣುವ ದೂರ: 1.2 ಮೀಟರ್ ಎತ್ತರದ ಕಣ್ಣಿಗೆ ಮಾರ್ಗದ ಮೇಲಿನ 15 ಸೆ.ಮೀ. ಎತ್ತರದ ವಸ್ತು ಎಷ್ಟು ದೂರದಿಂದ ಕಾಣುತ್ತದೆ? ಐಆರ್‌ಸಿ ಪ್ರಕಾರ ವಾಹನ ನಿಲ್ಲಿಸಲು 50 ಕಿ.ಮೀ. ವೇಗಕ್ಕೆ 60 ಮೀಟರ್, 65ಕ್ಕೆ 90, 80ಕ್ಕೆ 120 ಮೀಟರ್ ಬೇಕು. ತಿರುವಿನಲ್ಲಿ 70 ಮೀಟರ್ ಮಾತ್ರ ಕಾಣುತ್ತಿದ್ದು ಜನ 65ರಲ್ಲಿ ಬರುತ್ತಿದ್ದರೆ ಕಾರಣ ನಿಮ್ಮ ಕೈಯಲ್ಲೇ ಇದೆ.

ಎಚ್ಚರ: ಮಾರ್ಗದ ಬದಿಗೆ ಹೋಗುವ ಮುಂಚೆ

ಒಬ್ಬರೇ ಹೋಗಬೇಡಿ. ಒಬ್ಬರು ಬರೆಯುವಾಗ ಇನ್ನೊಬ್ಬರ ಕಣ್ಣು ವಾಹನಗಳ ಮೇಲೇ ಇರಬೇಕು. ಹೊಳೆಯುವ ಜಾಕೆಟ್ ಕಡ್ಡಾಯ. ತಿರುವಿನ ಹೊರಮಗ್ಗುಲಲ್ಲಿ ನಿಲ್ಲಲೇಬೇಡಿ, ಹಿಡಿತ ತಪ್ಪಿದ ವಾಹನ ಬರುವುದು ಅಲ್ಲಿಗೇ. ಮಳೆಯಲ್ಲಿ, ಮುಸ್ಸಂಜೆಯ ನಂತರ ಅಳತೆ ಬೇಡ. ನೀವಾಗಿ ವಾಹನ ತಡೆಯುವುದು, ಕೋನ್ ಇಡುವುದು, ಡಾಮರಿಗೆ ಬಣ್ಣ ಬಳಿಯುವುದು, ಸಿಮೆಂಟ್ ಹಂಪ್ ಕಟ್ಟುವುದು ಸಲ್ಲದು; ಗುರುತಿಲ್ಲದ ಹಂಪ್ ರಾತ್ರಿ ಹೊಸ ಅಪಘಾತಕ್ಕೆ ದಾರಿ. ಅಲ್ಲಿರುವಾಗಲೇ ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಿ. ಹೆದ್ದಾರಿಯಾದರೆ 1033 ಕೂಡ ಇದೆ. ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ.

ಸೇತುವೆಯ ಬದಿಯ ತಡೆಗಂಬಿ ಮುರಿದಿದ್ದರೆ, ಬರೆ ಬಿರುಕು ಬಿಟ್ಟಿದ್ದರೆ, ಮಾರ್ಗದ ಅಂಚು ತೋಡಿಗೆ ಕುಸಿಯುತ್ತಿದ್ದರೆ ಲೆಕ್ಕ ನಿಲ್ಲಿಸಿ. ಮೂರು ವರ್ಷದ ದರಕ್ಕೆ ಕಾಯುವ ವಿಷಯ ಅದಲ್ಲ. ಅಂದೇ ಪಂಚಾಯತಿಗೆ, ಲೋಕೋಪಯೋಗಿ ಇಲಾಖೆಗೆ, ಪೊಲೀಸರಿಗೆ ತಿಳಿಸಿ. ತಿರುವಿನ ಓರೆ, ಡಾಮರಿನ ಜಾರುವಿಕೆ, ಸಿಗ್ನಲ್ ಸಮಯ ಇವುಗಳ ಅಳತೆ ಉಪಕರಣವಿರುವವರ ಕೆಲಸ. ಹಾಳೆಯ ನಕ್ಷೆ, ದರದ ಲೆಕ್ಕ, ವೇಗದ ಪಟ್ಟಿಗಳನ್ನು ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೆ ಕೊಟ್ಟು ರಸ್ತೆ ಸುರಕ್ಷಾ ತಪಾಸಣೆ ಮಾಡಿಸಲು ಕೇಳಿ.

ಲಕ್ಷಣ: ಹಂಪ್ ಹಾಕಿದ ಮೇಲೆ ಅಪಘಾತ ನಿಂತಿತು

ನಿಂತಿರಬಹುದು. ಆದರೆ ಅತಿ ಕೆಟ್ಟ ವರ್ಷದ ಬಳಿಕ ಏನೂ ಮಾಡದಿದ್ದರೂ ಮುಂದಿನ ವರ್ಷ ಸಾಮಾನ್ಯವಾಗಿ ಸರಾಸರಿಯ ಕಡೆಗೆ ಇಳಿಯುತ್ತದೆ. ಒಂದು ವರ್ಷ ಹಿಂದೆ, ಒಂದು ವರ್ಷ ಮುಂದೆ ನೋಡಿ ಯಶಸ್ಸು ಘೋಷಿಸಬೇಡಿ. ಎರಡೂ ಕಡೆ ಮೂರು ವರ್ಷ ಬೇಕು, ಜೊತೆಗೆ ಹಂಪ್ ಹಾಕದ ಅಂಥದೇ ಒಂದೆರಡು ಜಂಕ್ಷನ್‌ಗಳ ಅಂಕಿಯೂ ಬೇಕು. ಸಾವು–ಗಂಭೀರ ಗಾಯದ ದರವನ್ನು ಬೇರೆಯಾಗಿಯೇ ತೆಗೆಯಿರಿ. ಒಟ್ಟು ದರ ಇಳಿದು ಇದು ಇಳಿಯದೆ ಉಳಿದರೆ ಹಂಪ್ ತಡೆದದ್ದು ಸಣ್ಣ ತಾಗುವಿಕೆಗಳನ್ನು ಮಾತ್ರ.

ಲಕ್ಷಣ: ಹೆದ್ದಾರಿ ಅಗಲವಾದ ಮೇಲೆ ಹಳೆಯ ಅಂಕಿ ಹೊಂದುತ್ತಿಲ್ಲ

ತಲಪಾಡಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿ ಬದಲಾಗಿರುವಲ್ಲಿ ಹಳೆಯ ಜಂಕ್ಷನ್ ಹೆಸರಿನಲ್ಲಿ ಮಾತ್ರ ಉಳಿದಿರುತ್ತದೆ. ಮೇಲೆ ಓಡುವ ವಾಹನ ಬೇರೆ, ಸರ್ವಿಸ್ ರಸ್ತೆಯದ್ದು ಬೇರೆ, ಅಂಡರ್‌ಪಾಸ್‌ನಲ್ಲಿ ದಾಟುವವರು ಬೇರೆ. ಮೂರನ್ನೂ ಕೂಡಿಸಿ ಭಾಗಿಸಿದರೆ ಮೇಲಿನ ಭಾರೀ ಓಡಾಟದಲ್ಲಿ ಸರ್ವಿಸ್ ರಸ್ತೆಯ ಅಪಾಯ ಮುಳುಗಿಹೋಗುತ್ತದೆ. ಆದ್ದರಿಂದ ಎಣಿಕೆ ಮೂರು, ದರವೂ ಮೂರು. ಕಾಮಗಾರಿ ನಡೆಯುತ್ತಿದ್ದ ತಿಂಗಳುಗಳನ್ನು ಹಿಂದಿನದಕ್ಕೂ ಸೇರಿಸಬೇಡಿ, ಮುಂದಿನದಕ್ಕೂ ಸೇರಿಸಬೇಡಿ. ಆಗ ತಿರುಗಿಸಿಬಿಟ್ಟ ವಾಹನಗಳು ಯಾವ ಒಳಮಾರ್ಗ ಹಿಡಿದಿದ್ದವೋ ಅಲ್ಲಿನ ಪಟ್ಟಿಯಲ್ಲೂ ಆ ತಿಂಗಳುಗಳಿಗೆ ಗುರುತು ಹಾಕಿ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ಬೈಕು, ರಿಕ್ಷಾಗಳನ್ನು ಎಣಿಕೆಯ ಹಾಳೆಯಲ್ಲಿ ಪ್ರತ್ಯೇಕ ಅಂಕಣದಲ್ಲಿ ಬರೆಯಿರಿ. ಆ ಅಂಕಣ ತುಂಬುತ್ತಿದ್ದರೆ ಜನರಿಗೆ ದಾಟುವ ಜಾಗ ತೀರ ದೂರವಾಗಿದೆ ಎಂದೇ ಅರ್ಥ, ಮನವಿಯಲ್ಲಿ ಆ ದೂರವನ್ನು ಮೀಟರ್‌ಗಳಲ್ಲಿ ಅಳೆದು ಬರೆಯಿರಿ.